ಹಸಿ ಹಲಸಿನ ತೊಟ್ಟಿಲು

ಮರ ಕಡಿದದ್ದು ಮಂಗಳವಾರ ಎಂದು ಅಮ್ಮ ಹೇಳುತ್ತಾಳೆ. ಮಂಗಳವಾರ ನಮ್ಮ ಮನೆಯಲ್ಲಿ ಉಗುರನ್ನೂ ಕತ್ತರಿಸುತ್ತಿರಲಿಲ್ಲ, ಮರ ಹೇಗೆ ಕಡಿಸಿಯಾರು? ಮುಂದೆ ನಡೆದದ್ದಕ್ಕೆ ಒಂದು ಕಾರಣ ಬೇಕಾಗಿ ಅವಳು ವಾರವನ್ನೇ ಬದಲಾಯಿಸಿಕೊಂಡಿದ್ದಾಳೆ ಎಂದು ನನ್ನ ಅನುಮಾನ. ನಾನು ಏನೇನು ಬದಲಾಯಿಸಿಕೊಂಡಿದ್ದೇನೋ ನನಗೆ ತಿಳಿಯದು. ಆದ್ದರಿಂದ ಕೈಗೆ ಸಿಗುವ ವಸ್ತುಗಳನ್ನಷ್ಟೇ ಹಿಡಿದುಕೊಂಡು ಹೇಳುತ್ತೇನೆ: ಒಂದು ಹಲಸಿನ ಮರ, ಒಂದು ಮೈಕ್ರೋಮೀಟರ್, ಒಂದು ರುಬ್ಬುಗುಂಡು.

ಮರ ಕಡಿಸುವಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಗ್ಗದಾಸಪುರದಲ್ಲಿ ಅಪ್ಪ ಸೈಟು ಕೊಂಡಾಗ ಆ ಹಲಸು ಮೂಲೆಯಲ್ಲಿ ಮೊದಲೇ ಇತ್ತು. ಮನೆ ಅದರ ಪಕ್ಕಕ್ಕೆ ಎದ್ದಿತು, ಸಂಪು ಅದರ ಬುಡಕ್ಕೆ ಬಂತು. ಕೆಲವು ವರ್ಷಗಳಲ್ಲಿ ಬೇರು ಸಂಪಿನ ಗೋಡೆ ಸೀಳಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಎರಡು ಬೇಸಿಗೆ ಸಹಿಸಿ, ಮೂರನೆಯದು ಬರುವ ಮೊದಲು, ಜನವರಿಯಲ್ಲಿ ಕಡಿಸಿದರು. ಕಡಿಯಲು ಬಂದವರು ಬೊಡ್ಡೆಯನ್ನೂ ಒಯ್ಯಲು ಹಗ್ಗ ಹಾಕಿದಾಗ ಅಪ್ಪ ಅಡ್ಡ ನಿಂತರು.

"ಬಾಣಂತಿ ನೀರಿಗೆ ಸೌದೆ ಆಗುತ್ತೆ ಬಿಡಿ," ಎಂದಳು ಅಮ್ಮ. ಅಕ್ಕನಿಗೆ ಆಗ ಐದು ತಿಂಗಳು. ಹೆರಿಗೆಗೆ ನಮ್ಮಲ್ಲಿಗೇ ಬರುವವಳಿದ್ದಳು.

"ಸೌದೆ ಅಲ್ಲ," ಎಂದರು ಅಪ್ಪ. "ತೊಟ್ಟಿಲು."

ಅವರು ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಟರ್ನರ್ ಆಗಿದ್ದವರು. ತಿರುಗುವ ಉಕ್ಕಿಗೆ ಉಳಿ ತಾಗಿಸಿ ಭಾಗಗಳನ್ನು ಕಡೆಯುವ ಕೆಲಸ. ಕಂಪ್ಯೂಟರ್ ನಡೆಸುವ ಲೇಥ್‌ಗಳು ಬಂದ ಮೇಲೆ ಸ್ವಯಂ ನಿವೃತ್ತಿ ಪತ್ರಕ್ಕೆ ಸಹಿ ಹಾಕಿದರು. ಅವರ ಲೇಥ್ ಗುಜರಿಗೆ ಹೋಯಿತು; ಅದನ್ನು ಲಾರಿಗೆ ಏರಿಸುವುದನ್ನು ನೋಡಲು ಕೆಲಸ ಬಿಟ್ಟಮೇಲೂ ಒಮ್ಮೆ ಹೋಗಿ ಬಂದರು. ಆಮೇಲೆ ಎರಡು ವರ್ಷ ಮನೆಯಲ್ಲಿ ಏನನ್ನೂ ಮುಟ್ಟಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು, ಕೊನೆಗೆ ಅಮ್ಮ ಹೊರಗಿನವನನ್ನು ಕರೆಸಿ ವಾಷರ್ ಹಾಕಿಸಿದಳು. ಅದೇ ಅಪ್ಪ ಈಗ ಬೊಡ್ಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಾನು ವಿಮಾ ಕಚೇರಿಗೆ ಹೊರಟವಳು ಗೇಟಿನ ಹತ್ತಿರ ನಿಂತು ನೋಡಿ ಬಸ್ಸು ತಪ್ಪಿಸಿಕೊಂಡೆ.

ಕೆ.ಆರ್. ಪುರದ ಸಾಮಿಲ್ಲಿನಲ್ಲಿ ಬೊಡ್ಡೆಯನ್ನು ಸೀಳಿಸಿ, ಉದ್ದನೆಯ ಚೌಕ ತುಂಡುಗಳನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಶನಿವಾರ ನಾವಿಬ್ಬರೂ ಶಿವಾಜಿನಗರಕ್ಕೆ ಹೋದೆವು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮರ ಕಡೆಯುವ ಮುದುಕರೊಬ್ಬರಿದ್ದರು. ಅಲ್ಲಿನವರ ಮಾತಿನಲ್ಲಿ ಖರಾದಿ. ಮಂಚದ ಕಾಲು, ಲಟ್ಟಣಿಗೆ, ಸ್ಟೂಲಿನ ಕಾಲು ಅವರ ನಿತ್ಯದ ಕೆಲಸ. ಅವರ ಲೇಥ್ ಅಂದರೆ ಎರಡು ಮರದ ದಿಮ್ಮಿ, ಒಂದು ಮೋಟಾರು, ತೇಪೆ ಹಾಕಿದ ಒಂದು ಬೆಲ್ಟು. ಅಪ್ಪ ಅದನ್ನು ನೋಡಿದ ರೀತಿ, ಹೆಣ್ಣು ನೋಡಲು ಹೋದವರು ಮನೆಯ ಸೂರು ನೋಡಿದ ಹಾಗಿತ್ತು.

ಖರಾದಿ ತುಂಡಿನ ತುದಿಗೆ ಹೆಬ್ಬೆರಳ ಉಗುರು ಒತ್ತಿದರು. ಉಗುರಿನ ಸುತ್ತ ನೀರು ಜಿನುಗಿತು.

"ಸಾರ್, ಇದು ಇನ್ನೂ ಮರ. ಲಕ್ಡಿ ಆಗಿಲ್ಲ."

"ಅಂದ್ರೆ?"

"ಹೊಟ್ಟೆ ತುಂಬ ನೀರು ಕುಡ್ದು ಕೂತಿದೆ. ನೆರಳಲ್ಲಿ ಒಂದು ವರ್ಷ ಮಲಗ್ಸಿ, ಆಮೇಲೆ ತನ್ನಿ."

"ಮಗು ಒಂದ್ವರ್ಷ ಕಾಯುತ್ತಾ ಸಾಬ್ರೇ?"

"ಮಗು ಕಾಯಲ್ಲ. ಇದೂ ಕಾಯಲ್ಲ ಸಾರ್, ನಿಮ್ಮ ತೊಟ್ಟಿಲಲ್ಲಿದ್ರೂ ಅದರ ಪಾಡಿಗೆ ಅದು ಒಣಗುತ್ತೆ, ಸಣ್ಣ ಆಗುತ್ತೆ."

"ನಾನು ಉಕ್ಕಿಗೇ ಮಾತು ಕೇಳೋದು ಕಲ್ಸಿದೀನಿ ರೀ."

ಮುದುಕರು ನಕ್ಕರು. "ಉಕ್ಕು ಒಳ್ಳೇ ಹುಡುಗ ಸಾರ್, ಹೇಳಿದಂಗೆ ಇರ್ತಾನೆ. ಇವನು ಪೋಕರಿ."

ಆದರೂ ಯಂತ್ರ ಕೊಟ್ಟರು. ನಾಲ್ಕು ಮೂಲೆಗೆ ನಾಲ್ಕು ಕಂಬ, ಕಂಬದಿಂದ ಕಂಬಕ್ಕೆ ಹೆಬ್ಬೆರಳ ಗಾತ್ರದ ಅಡ್ಡಕೋಲುಗಳು. ಕೋಲಿನ ತುದಿ ಕಂಬದ ತೂತಿಗೆ ಹೋಗಿ ಕೂರಬೇಕು. ಕೆಳಗಿನ ಕೋಲುಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಗು. ಇದು ಅಪ್ಪನ ನಕ್ಷೆ. ಮೊಳೆ ಇಲ್ಲ, ಅಂಟಿಲ್ಲ, ಅಳತೆಯ ಬಿಗಿಯೊಂದೇ. "ಮೊಳೆ ಹೊಡಿಯೋದು ಅಳತೆ ಬರದೋರ ಕೆಲಸ," ಎಂದು ಅವರು ಹೇಳಿದಾಗ ಪಕ್ಕದಲ್ಲೇ ಖರಾದಿಯ ಮೊಳೆಡಬ್ಬಿ ಇತ್ತು. ಮುದುಕರು ಅದನ್ನು ಕಾಲಿನಿಂದ ಬೆಂಚಿನ ಕೆಳಕ್ಕೆ ತಳ್ಳಿದರು.

ಅಳೆಯಲು ಅಪ್ಪನ ಸ್ವಂತ ಮೈಕ್ರೋಮೀಟರ್ ಬಂದಿತ್ತು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ಹೇಳುವ ಸಾಧನ, ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ. ನನಗೆ ಹತ್ತು ವರ್ಷವಾಗಿದ್ದಾಗ ಅದನ್ನು ಓದುವುದು ಕಲಿಸಿದ್ದರು. ಪೆಟ್ಟಿಗೆಯಲ್ಲಿ ಹೇಗೆ ವಾಪಸು ಇಡಬೇಕೆಂದೂ ಕಲಿಸಿದ್ದರಂತೆ. ಅದು ನನಗೆ ಮರೆತೇಹೋಗಿತ್ತು. ನೀರು ಜಿನುಗುವ ಹಲಸನ್ನು ನೂರರ ಒಂದು ಪಾಲಿಗೆ ಅಳೆಯುವುದು ಎಂಥ ಹುಚ್ಚೆಂದು ಇವತ್ತು ನಗು ಬರುತ್ತದೆ. ಅವತ್ತು ಸಾಧನವನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಅವರ ಕೈಗೆ ಕೊಡುತ್ತಿದ್ದೆ, ಅಂಕಿ ಕೇಳಿ ಇಬ್ಬರೂ ತಲೆಯಾಡಿಸುತ್ತಿದ್ದೆವು.

ಕಾರ್ಖಾನೆಯ ಲೇಥಿನಲ್ಲಿ ಉಳಿಯನ್ನು ಯಂತ್ರವೇ ಹಿಡಿದಿರುತ್ತದೆ, ಮನುಷ್ಯ ಚಕ್ರ ತಿರುಗಿಸಿದರೆ ಸಾಕು. ಇಲ್ಲಿ ಉಳಿಯನ್ನು ಕೈ ಹಿಡಿಯಬೇಕು, ಕೈಯನ್ನು ಸೊಂಟ ಹಿಡಿಯಬೇಕು. ಅಪ್ಪನ ಕೈ ಎರಡು ಶನಿವಾರ ಒದ್ದಾಡಿತು. ಮೂರನೆಯ ವಾರ ಹಳದಿ ಸಿಪ್ಪೆ ಉದ್ದಕ್ಕೆ, ಮುರಿಯದೆ ಅವರ ಭುಜ ದಾಟಿ ಬೀಳತೊಡಗಿತು. ಅಂಗಡಿಯೆಲ್ಲ ಹಲಸಿನ ಹಣ್ಣಿನ ವಾಸನೆ. ಅಪ್ಪ ಶಿಳ್ಳೆ ಹಾಕುತ್ತಿದ್ದರು. ಅವರಿಗೆ ಶಿಳ್ಳೆ ಹಾಕಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ಕಂಬದಲ್ಲಿ ಕಿಡಿ ಹಾರಿತು. ಮರದಿಂದ ಕಿಡಿ! ಮರುಕ್ಷಣ ಉಳಿ ಅಪ್ಪನ ಕೈ ಬಿಟ್ಟು ನನ್ನ ಕಿವಿಯ ಪಕ್ಕದಲ್ಲಿ ಹಾದು ತಗಡಿನ ಗೋಡೆಗೆ ಬಡಿಯಿತು. ಖರಾದಿ ಓಡಿ ಬಂದು ಸ್ವಿಚ್ಚು ಆರಿಸಿದರು. ತಿರುಗುವುದು ನಿಂತ ಮೇಲೆ ನೋಡಿದರೆ ಮರದೊಳಗೆ ಒಂದು ಮೊಳೆ, ಸುತ್ತ ಕರಿ ಕಲೆ. ಅಮ್ಮ ಬಟ್ಟೆ ಒಣಗಿಸಲು ತಂತಿ ಕಟ್ಟಿದ್ದ ಮೊಳೆ. ಮರ ಅದನ್ನು ನುಂಗಿ ಮೇಲೆ ತೊಗಟೆ ಹೊದ್ದುಕೊಂಡಿತ್ತು. ಅಪ್ಪ ಸ್ಟೂಲಿನ ಮೇಲೆ ಕೂತರು. ಎರಡು ಅಂಗೈಯನ್ನೂ ಮಂಡಿಗಳ ಮೇಲೆ ಒತ್ತಿಹಿಡಿದರು.

"ನಿನಗೇನೂ ಆಗ್ಲಿಲ್ಲ ತಾನೇ?"

"ಇಲ್ಲಪ್ಪಾ."

"ಅಮ್ಮಂಗೆ ಹೇಳ್ಬೇಡ."

ಅವರು ಮುಖ ತೊಳೆಯಲು ಹೊರಗೆ ಹೋದಾಗ ಖರಾದಿ ಒಂದು ಅಡ್ಡಕೋಲನ್ನು ತೂತಿಗೆ ತೂರಿಸಿ ನನ್ನ ಮುಂದೆ ಹಿಡಿದರು. "ತಿರುಗ್ಸು ಬೇಟಿ." ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರೂ ಅದು ಮಿಸುಕಲಿಲ್ಲ. "ಹಿಂಗಿರೋವರ್ಗೂ ಪರ್ವಾಗಿಲ್ಲ. ಇದು ಕೈಯಲ್ಲಿ ತಿರುಗಿದ ದಿನ ಮಗೂನ ಅದ್ರಲ್ಲಿ ಮಲಗ್ಸಬೇಡಿ. ನಾನು ಹೇಳಿದ್ರೆ ಸಾರ್‌ಗೆ ತಮಾಷೆ. ನೀನು ಹೇಳು."

ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಹೇಳಬೇಕೆಂದಿದ್ದೆ. ಹಲಸೂರು ಕೆರೆ ದಾಟಿದ ಮೇಲೆ ಅಪ್ಪನ ಮಾತು ಶುರುವಾಯಿತು: ನಾಲ್ಕನೆಯ ಕಂಬದ ನೆತ್ತಿಗೆ ಎಂಥ ಗುಂಡು ಬರಬೇಕು, ಅದರ ಕೆಳಗೆ ಎಷ್ಟು ಗೆರೆ. ಎದುರು ಸೀಟಿನವನ ಬೆನ್ನಿನ ಹತ್ತಿರ ಕೈಯಾಡಿಸಿ ತೋರಿಸಿದರು. ಎರಡು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಹೇಳಲಿಲ್ಲ.

ಫೆಬ್ರವರಿ ಮುಗಿಯುವ ಹೊತ್ತಿಗೆ ತೊಟ್ಟಿಲು ಮನೆಗೆ ಬಂತು. ಹಾಲಿನ ನಡುವೆ ಕೂತು ಅಪ್ಪ ಕೊಡತಿಯಿಂದ ತಟ್ಟಿ ಒಂದೊಂದೇ ಕೋಲನ್ನು ಕೂರಿಸಿದರು. ಕೊನೆಗೆ ಒಂದು ಕಂಬವನ್ನು ಮಾತ್ರ ಹಿಡಿದು ಇಡೀ ತೊಟ್ಟಿಲನ್ನು ಎತ್ತಿ ಅಲ್ಲಾಡಿಸಿದರು. ಒಂದು ಕೋಲೂ ಅಲುಗಲಿಲ್ಲ. ಪಕ್ಕದ ಮನೆಯವರು ಚಪ್ಪಾಳೆ ತಟ್ಟಿದರು.

"ತೂಗು ಹಾಕಿ ನೋಡೋಣ," ಎಂದರು ಅಪ್ಪ.

"ಖಾಲಿ ತೊಟ್ಟಿಲು ತೂಗ್ತಾರೇನ್ರಿ?" ಅಮ್ಮ ರೇಗಿದಳು. "ಮಗು ಬರೋವರ್ಗೂ ಅದು ಮೇಲಿರ್ಲಿ."

ಹಳೆಯ ಬೆಡ್‌ಶೀಟು ಹೊದಿಸಿ ಅದನ್ನು ಅಟ್ಟಕ್ಕೇರಿಸಿದರು. ಅಟ್ಟದ ಮೇಲೆ ಕಾಂಕ್ರೀಟಿನ ಸೂರು, ಸೂರಿನ ಮೇಲೆ ಮಾರ್ಚ್ ತಿಂಗಳ ಬಿಸಿಲು. ಹಸಿ ಮರವನ್ನು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಆ ಮನೆಯಲ್ಲಿ ಇರಲಿಲ್ಲ.

ಅಪ್ಪ ಸಂಜೆ ತಿರುಗಾಡಲು ಹೋದಾಗ ನಾನು ಏಣಿ ಹತ್ತುತ್ತಿದ್ದೆ. ನೀಲಿ ಪೆಟ್ಟಿಗೆಯಿಂದ ಮೈಕ್ರೋಮೀಟರ್ ತೆಗೆದು, ಬೆಡ್‌ಶೀಟಿನ ಕೆಳಗೆ ಕೈ ತೂರಿಸಿ, ಒಂದೇ ಕೋಲನ್ನು ಒಂದೇ ಜಾಗದಲ್ಲಿ ಅಳೆಯುತ್ತಿದ್ದೆ. ಮೊದಲ ವಾರವೇ ಅಂಕಿ ಇಳಿದಿತ್ತು. ಎರಡನೆಯ ವಾರ ಮತ್ತೆ. ಮೇಲಿಂದ ಕೆಳಕ್ಕೆ ಹಿಡಿದರೆ ಒಂದು ಅಂಕಿ, ಅಡ್ಡಕ್ಕೆ ಹಿಡಿದರೆ ಇನ್ನೊಂದು; ದುಂಡಗಿದ್ದ ಕೋಲು ಮೊಟ್ಟೆಯಾಗುತ್ತಿತ್ತು. ಯುಗಾದಿಯ ಹೊತ್ತಿಗೆ ಅದನ್ನು ಹಿಡಿದು ತಿರುಗಿಸಿದಾಗ ಕಿರ್ ಎಂದಿತು. ಏಪ್ರಿಲ್ ಕೊನೆಗೆ ಎರಡೇ ಬೆರಳಿಗೆ ತಿರುಗಿತು, ಆ ಸದ್ದೂ ಇಲ್ಲದೆ.

ಅಕ್ಕ ಆ ಹೊತ್ತಿಗೆ ಮನೆಯಲ್ಲಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏಣಿಯ ಬುಡದಲ್ಲಿ ಬಂದು ನಿಂತಳು.

"ಏನೇ, ದಿನಾ ಅಟ್ಟದ ಮೇಲೆ ನಿಂದೇನು?"

"ಹಲ್ಲಿ ಸೇರ್ಕೊಂಡಿದೆ."

"ತೊಟ್ಟಿಲಲ್ಲಾ? ಅಪ್ಪಂಗೆ ಹೇಳ್ಬೇಡ ಮಾರಾಯ್ತಿ, ಹಲ್ಲೀನೂ ಅಳೀತಾರೆ."

ಇಬ್ಬರೂ ನಕ್ಕೆವು. ನಾನು ನಗುವಾಗ ಮೈಕ್ರೋಮೀಟರ್ ಸೆರಗಿನ ಕೆಳಗಿತ್ತು.

ಮಗು ಮೇ ಕೊನೆಯ ವಾರ ಹುಟ್ಟಿತು. ಹೆಣ್ಣು, ಮೂರು ಕೆಜಿಗೆ ಸ್ವಲ್ಪ ಕಡಿಮೆ. ಹನ್ನೊಂದನೆಯ ದಿನ ನಾಮಕರಣ. ಹಿಂದಿನ ದಿನ ಮಧ್ಯಾಹ್ನ ಅಪ್ಪ ತೊಟ್ಟಿಲನ್ನು ಇಳಿಸಿ, ವರಾಂಡದಲ್ಲಿಟ್ಟುಕೊಂಡು ಮೇಣ ಉಜ್ಜುತ್ತಿದ್ದರು. ಇವತ್ತು ಹೇಳಲೇಬೇಕೆಂದು ಪಕ್ಕದಲ್ಲಿ ಹೋಗಿ ಕೂತೆ.

"ಅಪ್ಪಾ, ಕೋಲಿಗೆ ಸ್ವಲ್ಪ ಅಂಟು ಹಾಕಿದ್ರೆ?"

"ಯಾಕೆ?"

"ಗಟ್ಟಿಯಾಗಿರುತ್ತೆ."

"ಅಂಟು ಬೇಕಾಗಿರೋದು ಪೋಸ್ಟಾಫೀಸಿಗೆ." ತಲೆ ಎತ್ತದೆ ಹೇಳಿದರು.

ಮೇಣದ ಬಟ್ಟೆ ಕಂಬಗಳ ಮೇಲಷ್ಟೇ ಓಡುತ್ತಿತ್ತು. ಕೋಲುಗಳನ್ನು ಅವರು ಮುಟ್ಟುತ್ತಿರಲಿಲ್ಲ. ಇದನ್ನು ನಾನು ಅವತ್ತೇ ಗಮನಿಸಿದೆನೋ, ಆಮೇಲೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಎದ್ದು ಒಳಗೆ ಹೋದದ್ದು ಮಾತ್ರ ನಿಜ. ಬಾಯಿಯವರೆಗೆ ಬಂದ ಮಾತನ್ನು ಮತ್ತೊಮ್ಮೆ ನುಂಗಿ, ಚಕ್ಕುಲಿಯ ಡಬ್ಬಿಗಳಿಗೆ ಮುಚ್ಚಳ ಹಾಕುತ್ತಾ ಕೂತೆ.

ಬೆಳಿಗ್ಗೆ ಹಾಲಿನ ಸೂರಿನ ಕೊಂಡಿಗೆ ಸರಪಳಿ ಹಾಕಿ ತೊಟ್ಟಿಲನ್ನು ಇಳಿಬಿಟ್ಟರು. ಮಲ್ಲಿಗೆ ಸುತ್ತಿದರು. ಹೆಂಗಸರು ಸುತ್ತ ನಿಂತರು, ಗಂಡಸರು ಗೋಡೆ ಬದಿಯ ಕುರ್ಚಿಗಳಲ್ಲಿ. ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ, ಕಲ್ಲನ್ನು ಹಾಕುತ್ತಾರೆ. ಗುಂಡುಕಲ್ಲಿಗೆ ನೀರೆರೆದು, ಕುಂಕುಮ ಹಚ್ಚಿ, ರವಿಕೆ ಕಣದಲ್ಲಿ ಸುತ್ತಿ ಮಲಗಿಸಿ, ಅದಕ್ಕೆ ಜೋಗುಳ ಹಾಡಿ ತೂಗಿ, ತೆಗೆದು, ಆಮೇಲೆ ಮಗು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಅಮ್ಮ ತಟ್ಟೆಯಲ್ಲಿ ಏಲಕ್ಕಿ ಕುಟ್ಟುವ ಪುಟ್ಟ ಗುಂಡನ್ನು ಸಿದ್ಧವಾಗಿಟ್ಟಿದ್ದಳು. ಮುಷ್ಟಿಯಷ್ಟು ದೊಡ್ಡದು, ಅಷ್ಟೆ. ಅಷ್ಟು ಹಗುರದ್ದನ್ನು ತೂಗಿದರೆ ಕೋಲು ಬಿಚ್ಚಿಕೊಳ್ಳದೆ ತೊಟ್ಟಿಲು ಸುಮ್ಮನೆ ತೂಗುತ್ತದೆ. ಆಮೇಲೆ ಮಗು.

ನಾನು ಹಿತ್ತಿಲಿಗೆ ಓಡಿದೆ. ಗ್ರೈಂಡರ್ ಬಂದ ಮೇಲೆ ಒರಳನ್ನು ಯಾರಿಗೋ ಕೊಟ್ಟು, ರುಬ್ಬುಗುಂಡು ಮಾತ್ರ ಸಂಪಿನ ಪಕ್ಕ, ಹಲಸಿನ ಬುಡ ಇದ್ದ ಜಾಗದಲ್ಲಿ ಬಿದ್ದಿತ್ತು. ಎತ್ತಿದಾಗ ಕೆಳಗಿನಿಂದ ಇರುವೆಗಳು ಚೆಲ್ಲಾಪಿಲ್ಲಿಯಾದವು. ನಲ್ಲಿಯ ಕೆಳಗೆ ಹಿಡಿದು, ಸೊಂಟಕ್ಕಾನಿಸಿಕೊಂಡು ಒಳಗೆ ತಂದೆ.

"ಇದೇನೇ ಇದು!" ಎಂದರು ನನ್ನ ಸೋದರತ್ತೆ. "ಇಡ್ಲಿಗೆ ರುಬ್ಬೋಕೆ ಕೂರ್ತೀಯಾ?"

"ಚಿಕ್ಕ ಗುಂಡು ಇಟ್ಟಿದೀನಲ್ಲೇ," ಎಂದಳು ಅಮ್ಮ.

"ಇದನ್ನೇ ಹಾಕಿ."

"ಮಗು ಮಲ್ಗೋ ತೊಟ್ಟಿಲು ಕಣೇ, ಆನೆಮರೀದಲ್ಲ!" ಎಂದರು ಅತ್ತೆ.

ಎಲ್ಲರೂ ನಕ್ಕರು. ನನ್ನ ಸೀರೆ ಸೊಂಟದ ಹತ್ತಿರ ಒದ್ದೆಯಾಗಿತ್ತು, ತೋಳು ಸೋಲುತ್ತಿತ್ತು. "ಇದನ್ನೇ ಹಾಕಿ," ಎಂದೆ ಮತ್ತೆ. ನಗು ಅರ್ಧಕ್ಕೆ ನಿಂತಿತು. ಗೋಡೆ ಬದಿಯಿಂದ ಅಪ್ಪ ಎದ್ದು ಬಂದರು. ನನ್ನ ಮುಖ ನೋಡಿದರು.

"ಕೊಡು," ಎಂದು ಗುಂಡನ್ನು ತೆಗೆದುಕೊಂಡರು. "ಎಲ್ರೂ ಸ್ವಲ್ಪ ಹಿಂದೆ ಸರೀರಿ. ಕಾಲು ಹಿಂದಕ್ಕೆ ತಗೊಳ್ಳಿ."

ಅಕ್ಕ ಇದನ್ನು ಬೇರೆ ರೀತಿ ಹೇಳುತ್ತಾಳೆ. ಹಿತ್ತಿಲಿನಿಂದ ಗುಂಡು ತಂದದ್ದೇ ಅಪ್ಪ, ನಾನು ಬಾಗಿಲಲ್ಲಿ ಅಳುತ್ತಾ ನಿಂತಿದ್ದೆ ಎನ್ನುತ್ತಾಳೆ. ನನ್ನ ಸೊಂಟದಲ್ಲಿ ಆ ಕಲ್ಲಿನ ತಣುಪು ಇನ್ನೂ ಇದೆ, ನಾನು ಅದನ್ನು ನಂಬುತ್ತೇನೆ. ಕಲ್ಲನ್ನು ತೊಟ್ಟಿಲಲ್ಲಿಟ್ಟದ್ದು ಅಪ್ಪ ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಇಟ್ಟು, ತಾವೇ ತೂಗಿದರು. ಗಂಡಸರು ತೂಗುವ ವಾಡಿಕೆಯಿಲ್ಲ. ಆದರೂ ಅತ್ತೆ ಜೋಗುಳ ಎತ್ತಿದರು. ಮೊದಲ ತೂಗಿಗೆ ಸರಪಳಿ ಮಾತ್ರ ಸದ್ದು ಮಾಡಿತು. ಎರಡನೆಯದಕ್ಕೆ ಕೋಲು ಕಿರ್ ಎಂದಿತು. ಹಾಡು ನಿಲ್ಲಲಿಲ್ಲ. ಅಪ್ಪ ಇನ್ನೂ ಸ್ವಲ್ಪ ಜೋರಾಗಿ ತೂಗಿದರು. ನಾನು ಹಲಗೆಯ ಕೆಳಗಿನ ಕೋಲನ್ನೇ ನೋಡುತ್ತಿದ್ದೆ. ಅದು ಕಂಬದಿಂದ ಬೆರಳಷ್ಟು ಹೊರಗೆ ಬಂದಿತ್ತು, ತೂತಿನೊಳಗೆ ಇದ್ದ ಆ ಭಾಗ ಬಿಳಿಚಿಕೊಂಡಿತ್ತು. ಮುಂದಿನ ತೂಗಿಗೆ ಒಂದು ಪಕ್ಕ ಪೂರ್ತಿ ಬಿಚ್ಚಿಕೊಂಡಿತು. ಹಲಗೆ ವಾಲಿತು, ಗುಂಡು ಜಾರಿ ಮೊಸಾಯಿಕ್ ನೆಲಕ್ಕೆ ಬಿತ್ತು. ನೆಲ ಒಡೆದ ಸದ್ದು ಬೀದಿಗೆ ಕೇಳಿಸಿತಂತೆ.

ಯಾರ ಕಾಲಿಗೂ ತಾಗಲಿಲ್ಲ. ಮಗು ಅಕ್ಕನ ತೋಳಲ್ಲಿತ್ತು, ಎರಡು ಮಾರು ದೂರದಲ್ಲಿ. ಮೊದಲು ಅಕ್ಕ ಕಿರುಚಿದಳು, ಆಮೇಲೆ ಮಗು. ಉಳಿದ ಕೋಲುಗಳೂ ಕಳಚಿ, ನಾಲ್ಕು ಕಂಬಗಳು ನಾಲ್ಕು ಸರಪಳಿಯಲ್ಲಿ ಒಂದಕ್ಕೊಂದು ಬಡಿದಾಡುತ್ತಿದ್ದವು. ಅಪ್ಪ ಅವನ್ನು ಒಂದೊಂದಾಗಿ ಹಿಡಿದು ನಿಲ್ಲಿಸಿದರು. ಒಂದು ಕಂಬದ ತೂತಿನೊಳಗೆ ಕಿರುಬೆರಳು ಇಟ್ಟು ಸುತ್ತ ಆಡಿಸಿ ನೋಡಿದರು, ಕಾರ್ಖಾನೆಯಲ್ಲಿ ಭಾಗ ತಪಾಸಣೆ ಮಾಡುವವರ ಹಾಗೆ. ಅತ್ತೆಯ ಗಂಡ ಏನೋ ಹೇಳಲು ಬಾಯಿ ತೆರೆದರು.

"ನನ್ನ ತಪ್ಪು," ಎಂದರು ಅಪ್ಪ. "ಹಸಿ ಮರ."

ಅಮ್ಮನೇ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡಳು. "ಮಗು ಮೇಲಿದ್ದ ದೃಷ್ಟಿಯೆಲ್ಲ ಕಲ್ಲಿಗೆ ಹೋಯ್ತು, ಒಳ್ಳೇದೇ ಆಯ್ತು," ಎನ್ನುತ್ತಾ ಬೀರುವಿನಿಂದ ಹಳೆಯ ಹತ್ತಿ ಸೀರೆ ತಂದಳು. ಅದೇ ಕೊಂಡಿಗೆ ಜೋಲಿ ಕಟ್ಟಿದರು. ಅದರಲ್ಲಿ ಮಗುವನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿದರು. ಅದು ಸೀರೆಯೊಳಗೆ ಮೊಣಕಾಲು ಮಡಚಿ ನಿದ್ದೆಹೋಯಿತು.

ನೆಂಟರು ಹೋದ ಮೇಲೆ, ಸಂಜೆ, ಅಪ್ಪ ನನ್ನನ್ನು ವರಾಂಡಕ್ಕೆ ಕರೆದರು. ನೀಲಿ ಪೆಟ್ಟಿಗೆ ಅವರ ತೊಡೆಯ ಮೇಲಿತ್ತು.

"ಮೈಕ್ರೋಮೀಟರ್ ಇಡೋವಾಗ ಎರಡು ತುದಿ ಮಧ್ಯೆ ಕೂದಲೆಳೆ ಸಂದು ಬಿಡ್ಬೇಕು. ಬಿಗಿದು ಇಡ್ಬಾರ್ದು. ಕಲ್ಸಿದ್ನೋ ಇಲ್ವೋ?"

"ಕಲ್ಸಿದ್ರಿ."

"ಮಾರ್ಚಿಂದ ಬಿಗಿದೇ ಇರ್ತಿತ್ತು."

ನನಗೆ ಅರ್ಥವಾಯಿತು. ಮಾರ್ಚಿನಿಂದಲೇ ಅವರಿಗೆ ಗೊತ್ತಿತ್ತು: ಯಾರೋ ಅಳೆಯುತ್ತಿದ್ದಾರೆ, ಏನನ್ನು ಅಳೆಯುತ್ತಿದ್ದಾರೆ.

"ಹಾಗಾದ್ರೆ ನೀವೂ ಅಳೆದ್ರಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಹನ್ನೊಂದು ದಿನದ ಮಗುವೊಂದು ನಮ್ಮಿಬ್ಬರ ಮೌನದ ಮೇಲೆ ಮಲಗುವುದರಲ್ಲಿತ್ತು. ನಾನು ಕಲ್ಲು ತರದಿದ್ದರೆ ಅವರು ಎದ್ದು ಬರುತ್ತಿದ್ದರೇ? ಬರುತ್ತಿದ್ದರು ಎಂದುಕೊಂಡಿದ್ದೇನೆ. ಅದು ನೆನಪಲ್ಲ, ನನ್ನ ಆಸೆ. ಕೇಳಲು ಆಮೇಲೆ ಎಷ್ಟೋ ಸಂಜೆಗಳು ಸಿಕ್ಕವು, ಕೇಳಲಿಲ್ಲ.

ಮರುದಿನ ಅವರು ಕಂಬಗಳನ್ನೂ ಕೋಲುಗಳನ್ನೂ ಗೋಣಿಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಒಬ್ಬರೇ ಶಿವಾಜಿನಗರಕ್ಕೆ ಹೋದರು. ಖರಾದಿ ಏನೆಂದರೋ ಗೊತ್ತಿಲ್ಲ. ಗೋಣಿ ಅಲ್ಲೇ ಉಳಿಯಿತು, ಅಪ್ಪ ಶನಿವಾರಗಳಲ್ಲಿ ಅಲ್ಲಿಗೆ ಹೋಗುವುದೂ ಉಳಿಯಿತು; ಲಟ್ಟಣಿಗೆ ಕಡೆದು ತರುತ್ತಿದ್ದರು, ಚೆನ್ನಾಗಿ ಒಣಗಿದ ಮರದಲ್ಲಿ. ಹಾಲಿನ ನೆಲದ ಒಡಕಿಗೆ ಬಿಳಿ ಸಿಮೆಂಟು ತುಂಬಿದರು. ಈಗಲೂ ಬರಿಗಾಲಿಗೆ ತಾಗುತ್ತದೆ.

ಒಂದು ಲೆಕ್ಕ ನನ್ನನ್ನು ಬಿಟ್ಟಿಲ್ಲ. ಮಗು ಮೂರು ಕೆಜಿಯೂ ಇರಲಿಲ್ಲ. ರುಬ್ಬುಗುಂಡನ್ನು ಆಮೇಲೆ ಗುಜರಿಯವನ ತಕ್ಕಡಿಗೆ ಹಾಕಿ ನೋಡಿದೆ, ಒಂಬತ್ತಕ್ಕೂ ಮೇಲಿತ್ತು. ಅಷ್ಟು ಭಾರಕ್ಕೆ, ಅಷ್ಟು ಜೋರಾಗಿ ತೂಗಿದ್ದಕ್ಕೆ ಬಿಚ್ಚಿಕೊಂಡ ತೊಟ್ಟಿಲು ಮೂರು ಕೆಜಿಯ ಮಗುವನ್ನು ಎಷ್ಟು ದಿನ ಹೊರುತ್ತಿತ್ತು? ಒಂದು ದಿನವೋ, ಒಂದು ವರ್ಷವೋ. ಅಪ್ಪನ ಕೆಲಸವನ್ನು ಅದಕ್ಕೆ ಬೇಕಿಲ್ಲದ ಭಾರ ಹಾಕಿ ನಾನೇ ಒಡೆದೆನೆಂದೂ ಹೇಳಬಹುದು. ಯಾವ ಭಾಗ ಎಷ್ಟು ಭಾರ ತಡೆಯುತ್ತದೆಂದು ಇಪ್ಪತ್ತೆಂಟು ವರ್ಷ ಲೆಕ್ಕ ಹಾಕಿದವರಿಗೆ ಇದು ಹೊಳೆಯದಿರಲು ಸಾಧ್ಯವಿಲ್ಲ. ಅವರು ಒಮ್ಮೆಯೂ ಅದನ್ನು ಆಡಿ ತೋರಿಸಲಿಲ್ಲ.